ಒರೆಸಿಕೊಂಡ ಬೆರಳು

ಅಪೊಲೊತ್ ಹುಟ್ಟಿದಾಗ ಅವಳಿಗೆ ಹೆಸರಿಡಬೇಕಾದವಳು ಸೋದರತ್ತೆ ಅಮೊಡಿಂಗ್. ರಾಗಿ ಹೆಂಡದಲ್ಲಿ ಬೆರಳದ್ದಿ ಕೂಸಿನ ನಾಲಿಗೆಗಿಡಬೇಕು, ಕೂಸು ಚೀಪಿದರೆ ಹೆಸರು ನಿಂತಿತು. ಅಮೊಡಿಂಗ್ ಬೆರಳೇನೋ ಅದ್ದಿದಳು. ಅಷ್ಟರಲ್ಲಿ ಬಟ್ಟೆ ಸರಿದು, ಒಳಕ್ಕೆ ತಿರುಚಿಕೊಂಡಿದ್ದ ಬಲಗಾಲು ಕಣ್ಣಿಗೆ ಬಿತ್ತು. ಹೆಂಡದ ಬೆರಳನ್ನು ತನ್ನ ಲಂಗಕ್ಕೆ ಒರೆಸಿಕೊಂಡು ಎದ್ದೇಬಿಟ್ಟಳು.

“ಈ ಸೊಟ್ಟಗಾಲಿಗೆ ಹೆಸರು ಬೇರೆ ಕೇಡು!”

ಬಾಣಂತಿಯ ಎದುರಿಗೇ ಅಂದಳು, ನೆಂಟರಿಷ್ಟರು ತುಂಬಿದ ಗುಡಿಸಿಲಲ್ಲಿ. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ; ಅವಳ ನಾಲಿಗೆಗೆ ನಾಚಿಕೆಯೂ ಇರಲಿಲ್ಲ.

ಬಾಣಂತಿ ಅಗುಟಿ ತಾನೇ ಬೆರಳದ್ದಿ ಮಗಳ ಬಾಯಿಗಿಟ್ಟಳು. ಕೂಸು ಚೀಪಿತು. ಆದರೆ ಮಗುವಿಗೆ ಐದು ತುಂಬಿದರೂ ಅಮೊಡಿಂಗ್ ಆ ಹೆಸರು ಹಿಡಿದು ಕರೆದವಳಲ್ಲ. “ಸೊಟ್ಟಿ” ಎಂದೇ ಕರೆಯುವಳು. ಅಗುಟಿಯ ಗಂಡ ಒಕಿರೋರ್ ಪಾಪದ ಪ್ರಾಣಿ.

“ಹೊಟ್ಟೆಗೆ ಹಾಕ್ಕೊಳ್ಳೇ, ಅಕ್ಕ ದೊಡ್ಡೋಳು,” ಎನ್ನುವನು.

“ಹಾಕ್ಕೊಂಡು ಹಾಕ್ಕೊಂಡು ಹೊಟ್ಟೆ ತುಂಬೋಗಿದೆ. ಇನ್ನು ಮುದ್ದೆಗೂ ಜಾಗ ಇಲ್ಲ!”

ಬೇರೆ ತಾಯಂದಿರು ಮಕ್ಕಳಿಗೆ ಮೊಲದ ಕಥೆ ಹೇಳುತ್ತಿದ್ದರೆ ಅಗುಟಿ ಆ ಬೆರಳಿನ ಕಥೆ ಹೇಳುತ್ತಿದ್ದಳು. ಅತ್ತೆ ಹೇಗೆ ಅದ್ದಿದಳು, ಹೇಗೆ ಒರೆಸಿಕೊಂಡಳು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಮಗುವಿಗೆ ಅದು ಬಾಯಿಪಾಠವಾಗಿತ್ತು. ತಪ್ಪೇ? ಇರಬಹುದು. ಹೆತ್ತ ಹೊಟ್ಟೆಯ ಉರಿ ನ್ಯಾಯ ನೋಡಿಕೊಂಡು ಉರಿಯುವುದಿಲ್ಲ.

ಸೊರೋಟಿ ಪಟ್ಟಣದ ಆಸ್ಪತ್ರೆಯಲ್ಲಿ ಸೊಟ್ಟಗಾಲು ನೆಟ್ಟಗೆ ಮಾಡುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಅಗುಟಿ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟಳು. ವಾರ ವಾರ ಪ್ಲಾಸ್ಟರ್ ಬದಲಾಯಿಸಿದರು. ಪಾದ ಇಷ್ಟಿಷ್ಟೇ ಹೊರಕ್ಕೆ ತಿರುಗಿತು. ಕೊನೆಗೆ ಉಳಿದದ್ದು ಹಿಮ್ಮಡಿಯನ್ನು ಮೇಲಕ್ಕೆಳೆದು ಹಿಡಿದಿದ್ದ ಬಿಗಿ ನರ. ಅದನ್ನು ಒಂದಿಷ್ಟು ಕತ್ತರಿಸಬೇಕು.

ಅಪೊಲೊತ್ ಬ್ಲೇಡು ನೋಡಿದಳು. ಬಾಗಿಲನ್ನು ಎರಡು ಕೈಯಲ್ಲೂ ತಬ್ಬಿಕೊಂಡಳು.

“ಬೇಡಮ್ಮಾ, ಮನೆಗೆ ಹೋಗೋಣ! ನಾನು ಸೊಟ್ಟಿನೇ ಆಗಿರ್ತೀನಿ!”

ಆ ಮಾತು ಅಗುಟಿಯ ಎದೆಗೆ ಕಾದ ಎಣ್ಣೆಯಂತೆ ಬಿತ್ತು. ಆ ಹೆಂಗಸಿನ ಮಾತು ತನ್ನ ಮಗಳ ಬಾಯಲ್ಲಿ! ಡಾಕ್ಟರು ಒಲುಪೊಟ್ ಮೆಲ್ಲಗೆ ಹೇಳಿದರು: “ಅಲುಗಾಡಿದ್ರೆ ಮಾಡೋಕಾಗಲ್ಲಮ್ಮ. ಬಿಟ್ರೆ ಕಾಲು ಮತ್ತೆ ಒಳಕ್ಕೇ ತಿರುಗುತ್ತೆ.”

ಅಗುಟಿ ತಾನೇ ಮೇಜು ಹತ್ತಿ ಕುಳಿತು ಮಗಳನ್ನು ಎದೆಗೊರಗಿಸಿಕೊಂಡಳು.

“ಅತ್ತೆ ಮನೆ ಹೆಂಡದ ಮಡಕೆ ನೋಡಿದ್ದೀಯಲ್ಲ?”

“ಹೂಂ.”

“ಕಾಲು ನೆಟ್ಟಗಾದ್ಮೇಲೆ ಅದಕ್ಕೊಂದು ಒದೆ. ಎಲ್ಲಿಗೆ ಒದೀತೀಯ?”

ಮಗು ಮೂಗೊರೆಸಿಕೊಂಡು ಯೋಚಿಸಿತು. “ಹೊಟ್ಟೆಗೆ.”

“ಅತ್ತೆ ಹೊಟ್ಟೆಗಾ?”

“ಅಲ್ಲ, ಮಡಕೆ ಹೊಟ್ಟೆಗೆ! ಹೆಂಡ ಎಲ್ಲ ಹರಿದೋಗುತ್ತೆ. ಕೋಳಿ ಕುಡಿಯುತ್ತೆ.”

“ಕುಡೀಲಿ. ಅಮಲೇರಿ ಅತ್ತೆನೇ ಕುಕ್ಕಲಿ.”

ಅಪೊಲೊತ್ ಕಿಸಕ್ಕನೆ ನಕ್ಕಳು. ಡಾಕ್ಟರು ಏನೂ ಕೇಳಿಸದವರಂತೆ ಸೂಜಿ ಎತ್ತಿಕೊಂಡರು.

“ಇರುವೆ ಕಚ್ಚಿದ ಹಾಗೆ, ಅಷ್ಟೇ ಕಂದ,” ಎಂದಳು ಅಗುಟಿ. ಇರುವೆಯೇ? ಮಗು ಆಸ್ಪತ್ರೆ ಹಾರಿಹೋಗುವಂತೆ ಕಿರುಚಿತು.

“ಸುಳ್ಳಿ! ಇರುವೆ ಅಂದೆ! ಮೊದ್ಲು ನಿಂಗೇ ಒದೀತೀನಿ, ಆಮೇಲೆ ಮಡಕೆಗೆ!”

“ಒದಿಯೇ ನನ್ನವ್ವ. ನೆಟ್ಟಗಾದ ಕಾಲಲ್ಲೇ ಒದಿ.”

ಅಗುಟಿಯ ಕಣ್ಣೀರು ಮಗಳ ನೆತ್ತಿಯ ಮೇಲೆ ಬೀಳುತ್ತಿತ್ತು. ಕೈ ಮಾತ್ರ ಸಡಿಲಲಿಲ್ಲ. ಬ್ಲೇಡಿನ ಕೆಲಸ ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಕೊನೆಯ ಪ್ಲಾಸ್ಟರ್ ಒಡೆದಾಗ ಅಂಗಾಲು ಪೂರ್ತಿ ನೆಲಕ್ಕೆ ಕೂತಿತು. ಹೆಜ್ಜೆ ಹದಕ್ಕೆ ಬರುವವರೆಗೂ ಅಗುಟಿ ಕಾದಳು. ಅಮೊಡಿಂಗಳ ಅಂಗಳದಲ್ಲಿ ಹೆಂಡದ ಕೂಟ ಸೇರುವ ದಿನವನ್ನೇ ಆರಿಸಿಕೊಂಡಳು. ನೋಡುವವರಿಲ್ಲದ ಸೇಡು ಎಂಥ ಸೇಡು?

ದೊಡ್ಡ ಮಡಕೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಲ್ಲಿ ಹೀರುತ್ತಿದ್ದವರೆಲ್ಲ ಹೀರುವುದನ್ನು ಬಿಟ್ಟು ನೋಡಿದರು. ಅಪೊಲೊತ್ ಅಂಗಳದ ನಡುವೆ ದಪದಪ ನಡೆದು ಬಂದಳು. ಅಮೊಡಿಂಗಳ ಮುಖ ಸಣ್ಣಗಾಯಿತು. ಎಲ್ಲರ ಕಣ್ಣೂ ತನ್ನ ಮೇಲಿದೆ ಎಂದು ಗೊತ್ತಾಗಿ, ಮಡಕೆಗೆ ಬೆರಳದ್ದಿ ಮುಂದೆ ಚಾಚಿದಳು.

“ಬಾ, ಅಪೊಲೊತ್.”

ಐದು ವರ್ಷದ ಮೇಲೆ ಬಾಯಿಗೆ ಬಂತು ಹೆಸರು! ಅಗುಟಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟಕ್ಕೇ ಮುಗಿಯಿತೇ? “ಒದಿಯೇ!” ಎಂದು ಹಲ್ಲು ಕಚ್ಚಿದಳು.

ಮಗು ಒದೆಯಲಿಲ್ಲ. ಆ ಬೆರಳನ್ನು ಹಿಡಿದುಕೊಂಡು ನೋಡಿತು. ಆಮೇಲೆ ಅತ್ತೆಯ ಲಂಗದ ಅಂಚನ್ನೇ ಎಳೆದು, ಹೆಂಡವನ್ನು ಚೊಕ್ಕಟವಾಗಿ ಒರೆಸಿತು. ಅಮ್ಮ ಮಾಡಿ ತೋರಿಸುತ್ತಿದ್ದಂತೆಯೇ.

ಅಮೊಡಿಂಗ್ ತಲೆ ತಗ್ಗಿಸಿದಳು.

ಅಪೊಲೊತ್ ತಿರುಗಿ ಬಂದು, ಬಲಗಾಲೆತ್ತಿ, ಅಮ್ಮನ ಮೊಣಕಾಲಿನ ಕೆಳಗೆ ಬಲವಾಗಿ ಒಂದು ಜಾಡಿಸಿದಳು.

“ಇರುವೆ ಅಂದಿದ್ದಕ್ಕೆ.”

ಅಗುಟಿ ನೋವಿಗೆ ಮಣ್ಣಲ್ಲೇ ಕುಸಿದು ಕುಳಿತಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಯಾರಿಗೂ ತಿಳಿಯಲಿಲ್ಲ. ಆ ಪಾದವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

“ಇನ್ನೊಂದು ಒದಿಯೇ.”

“ಕಾಲು ನೋಯ್ತಿದೆ. ಮಡಕೆಗೆ ನಾಳೆ ಬರೋಣ.”

ಅಗುಟಿ ಕಣ್ಣೊರೆಸಿಕೊಂಡು ಅಮೊಡಿಂಗಳ ಕಡೆ ತಿರುಗಿದಳು. “ಕೇಳಿಸ್ತಾ ಅತ್ತಿಗೆ? ಮಡಕೆ ಒಳಗಿಟ್ಕೊಳ್ಳಿ.”