ಪಡುವಣ ಗೋಡೆಯ ಸಮುದ್ರ

ಆ ಮಧ್ಯಾಹ್ನ ಚಿತ್ತಾಪುರದ ನಮ್ಮಕ್ಕನ ಮನೆಯಲ್ಲಿ ನಾಲ್ವರಿದ್ದೆವು. ಅಕ್ಕ ಹೊಸ್ತಿಲ ಹತ್ತಿರ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಭಾವ ಕನ್ನಡಕ ಒರೆಸುತ್ತ ಪಂಚಾಂಗದ ಹಾಳೆ ತಿರುವುತ್ತಿದ್ದರು. ಕಚೇರಿಯ ಕೆಲಸದಿಂದ ನಿವೃತ್ತರಾದ ಮೇಲೆ ಓಣಿಯ ಗುಡಿಯ ಪೂಜೆ ಅವರದೇ. ಯಾರ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು ಎಂಬ ಮಾತೂ ಅವರದೇ. ನಾನು ಸೇಡಂನಿಂದ ಬೆಳಗಿನ ರೈಲಿಗೆ ಬಂದಿದ್ದೆ. ನಾಲ್ಕನೆಯವಳು ಅಕ್ಕನ ಸೊಸೆ. ಒಳಕೋಣೆಯಲ್ಲಿ ಮಲಗಿದ್ದಳು, ಆದರೆ ಬಾಗಿಲು ತೆರೆದೇ ಇದ್ದುದರಿಂದ ನಮ್ಮ ಮಾತೆಲ್ಲ ಅವಳಿಗೆ ಕೇಳುವಂತಿತ್ತು.

ಹುಡುಗಿ ಹೊನ್ನಾವರದ ಕಡೆಯವಳು. ಅಕ್ಕನ ಮಗನೂ ಅವಳೂ ಧಾರವಾಡದಲ್ಲಿ ಓದುವಾಗ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಅವನ ನೌಕರಿ ದೂರದ ಊರಿನಲ್ಲಿ, ತಿಂಗಳಿಗೊಮ್ಮೆ ಬರುವನು. ಮದುವೆಯಾಗಿ ಬಂದು ವಾಡಿಯ ಹೈಸ್ಕೂಲೊಂದರಲ್ಲಿ ಟೀಚರಾಗಿದ್ದಳು, ದಿನಾ ರೈಲಿನಲ್ಲಿ ಹೋಗಿಬರುವಳು. ಈಗ ಚೊಚ್ಚಲ ಬಸುರಿ. ತವರಿಗೆ ಹೋಗುವ ಆಸೆಯಿಂದ ಚೀಲ ಕೂಡ ತುಂಬಿಟ್ಟಿದ್ದಳು. ಅಷ್ಟರಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಾಸು ಕೆಳಗಿದೆ, ಪ್ರಯಾಣ ಬೇಡವೇ ಬೇಡ, ಹೆರಿಗೆಯವರೆಗೆ ಹಾಸಿಗೆಯಲ್ಲೇ ಇರಬೇಕು, ಆದಷ್ಟು ಎಡಮಗ್ಗುಲಿಗೇ ಮಲಗಬೇಕು ಎಂದುಬಿಟ್ಟರು. ತುಂಬಿದ ಚೀಲ ಹಾಗೆಯೇ ಮಂಚದ ಕೆಳಗೆ ಸೇರಿತು. ಅವಳ ತಾಯಿಗೋ ಮನೆಯಲ್ಲಿ ಹಣ್ಣಾದ ಅತ್ತೆಯ ಆರೈಕೆ. ಹೆರಿಗೆಯ ಹೊತ್ತಿಗಷ್ಟೇ ಬರಬಲ್ಲರು.

ಅಕ್ಕ ಬುಟ್ಟಿ ಸರಿಸಿ ದನಿ ತಗ್ಗಿಸಿದಳು. "ತಮ್ಮಾ, ಈಕಿ ನಿನ್ನಿಯಿಂದ ನೆಟ್ಟಗ ಉಂಡಿಲ್ಲ. ಕೇಳಿದ್ರ ಹಸಿವಿಲ್ಲ ಅಂತಾಳ. ಹಿಂಗ ಸೊರಗಿದ್ರ ಹೊಟ್ಟ್ಯಾಗಿನ ಕೂಸಿನ ಗತಿ ಏನು?"

"ಅವರವ್ವ ದಿನಾ ಫೋನ್‌ನಾಗ ಸಮುದ್ರ ತೋರಸ್ತಾರಲ್ಲ," ಎಂದರು ಭಾವ.

"ತೋರಸ್ತಾರ. ಫೋನ್ ಇಟ್ಟ ಮ್ಯಾಲ ಈಕಿ ಗ್ವಾಡಿ ಕಡಿ ಹೊಳ್ಳಿ ಅಳ್ತಾಳ. ನಿಮಗೆಲ್ಲಿ ಕಾಣಬೇಕು, ನೀವು ಪಂಚಾಂಗದಾಗ ಇರೋರು." ಅಕ್ಕ ನನ್ನ ಕಡೆ ತಿರುಗಿದಳು. "ಒಂದು ದೊಡ್ಡ ಸಮುದ್ರದ ಚಿತ್ರ ತರೋಣು. ಕಣ್ಣು ತೆರದಾಗೊಮ್ಮಿ ಎದುರಿಗಿರಬೇಕು."

"ಬಸುರಿ ಕೋಣ್ಯಾಗ ಕೂಸಿನ ಚಿತ್ರ ಹಾಕ್ತಾರ," ಎಂದರು ಭಾವ.

"ಕೂಸು ಹೊಟ್ಟ್ಯಾಗೇ ಅದರಿ. ಈಗ ಬೇಕಾಗಿದ್ದು ತವರು."

ಭಾವ ಪಂಚಾಂಗ ಮಡಿಸಿದರು. ಇಷ್ಟಾದ ಮೇಲೆ ಅವರು ಬೇಡ ಅನ್ನುವ ಹಾಗಿರಲಿಲ್ಲ, ಸುಮ್ಮನಿರುವ ಹಾಗೂ ಇರಲಿಲ್ಲ. "ತರ್ರಿ. ಖರೇ, ನೀರಿನ ಚಿತ್ರ ಮೂಡಲ ಗ್ವಾಡಿಗಿರಬೇಕು. ಹಡಗಿದ್ರ ದಂಡಿಗೆ ಬರೋಹಂಗಿರಬೇಕು, ಬಿಟ್ಟು ಹೋಗೋಹಂಗಲ್ಲ. ಸೂರ್ಯ ಹುಟ್ಟಬೇಕು, ಮುಳುಗಬಾರದು."

"ಆತು, ಸೂರ್ಯಗೂ ಹೇಳಿ ಬರ್ತೀನಿ," ಎಂದು ಅಕ್ಕ ಸೆರಗು ಕೊಡವಿ ಎದ್ದಳು.

ಮಾರನೆಯ ದಿನ ಅಕ್ಕನೂ ನಾನೂ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋದೆವು. ಅಲ್ಲಿ ಫೋಟೊಗಳಿಗೆ ಚೌಕಟ್ಟು ಹಾಕುವ ಅಂಗಡಿಯೊಂದಿದೆ. ದೊಡ್ಡ ದೊಡ್ಡ ಚಿತ್ರಕಾರರು ಎಣ್ಣೆಬಣ್ಣದಲ್ಲಿ ಬರೆದ ಚಿತ್ರಗಳನ್ನು ದಪ್ಪ ಬಟ್ಟೆಯ ಮೇಲೆ ಅಚ್ಚು ಮಾಡಿಸಿದ ನಕಲುಗಳನ್ನೂ ಅವರು ಮಾರುತ್ತಾರೆ. ಅಂಗಡಿಯ ಸಾಹೇಬರು ಸುರುಳಿ ಬಿಚ್ಚಿ ಕೌಂಟರಿನ ಮೇಲೆ ಹಾಸಿದರು.

"ಸಮುದ್ರ ನೋಡೀರೇನು ಅಕ್ಕೋರ?" ಎಂದು ನಗುತ್ತ ಕೇಳಿದರು.

"ನೋಡದೆ ಏನ್ರಿ? ಮದುವ್ಯಾದ ವಾರದಾಗೇ ಗಂಡಾ ಹೆಂಡ್ತಿ ಸಮುದ್ರದ ದಂಡಿ ಮ್ಯಾಲ ನಿಂತೀವಿ. ಇದೇ ಊರಾಗ, ಸ್ಟುಡಿಯೋದಾಗ."

ಸಾಹೇಬರು ಜೋರಾಗಿ ನಕ್ಕರು. ಆ ಸ್ಟುಡಿಯೋದ ಪರದೆ ಅವರಿಗೂ ಗೊತ್ತು. ತೆಂಗಿನ ಮರ, ಒಂದು ದೋಣಿ, ನೀಲಿ ನೀರು. ನಮ್ಮ ಕಡೆಯ ಒಂದು ತಲೆಮಾರಿನ ದಂಪತಿಗಳೆಲ್ಲ ಆ ಪರದೆಯ ಮುಂದೆ ನಿಂತು ಕಣ್ಣರಳಿಸಿದವರೇ. ಅದು ಬಿಟ್ಟರೆ, ಭೀಮಾ ತುಂಬಿದಾಗ ಸನ್ನತಿಯ ಗುಡಿಗೆ ಹೋಗಿ ದಂಡೆಯಲ್ಲಿ ನಿಂತು ನೋಡಿದ್ದೇ ನಮ್ಮಕ್ಕ ಕಂಡ ದೊಡ್ಡ ನೀರು.

ಅವಳು ಒಂದೊಂದೇ ಚಿತ್ರ ನೋಡತೊಡಗಿದಳು. ಬಿರುಗಾಳಿಯಲ್ಲಿ ವಾಲಿದ ಹಡಗನ್ನು ಕಂಡೊಡನೆ ಮಗುಚಿಟ್ಟಳು. "ಬಸುರಿ ಮುಂದ ಇದನ್ನ ಇಡ್ತಾರೇನು?" ಮತ್ತೊಂದರಲ್ಲಿ ಬಿಳಿ ಹಾಯಿಗಳ ದೋಣಿಗಳು ಸಾಲಾಗಿ ದೂರ ಹೋಗುತ್ತಿದ್ದವು. "ಇವು ನಮಗ ಬೆನ್ನು ತೋರಿಸಿ ಹೊಂಟಾವ. ಬ್ಯಾಡ." ಇನ್ನೊಂದರಲ್ಲಿ ಯಾವುದೋ ಪರದೇಶದ ಹೆಂಗಸು ಕೊಡೆ ಹಿಡಿದು ಮರಳಲ್ಲಿ ಕೂತಿದ್ದಳು. "ಈಕಿ ಯಾರವ್ವ? ದಿನಾ ಈಕಿ ಮುಖಾ ಯಾಕ ನೋಡಬೇಕು?"

ಆಮೇಲೆ ಬಂದದ್ದು ಕೆಂಪು ಚಿತ್ರ. ಕಪ್ಪು ಬಂಡೆ, ಕುಂಕುಮ ಕದಡಿದಂಥ ನೀರು, ಅರ್ಧ ಮುಳುಗಿದ ಸೂರ್ಯ, ತಲೆಯ ಮೇಲೆ ಬುಟ್ಟಿ ಹೊತ್ತು ಮನೆಗೆ ಹೊರಟ ಇಬ್ಬರು ಹೆಂಗಸರು. ಅಕ್ಕ ಅದರ ಮೇಲೆ ಬೆರಳಾಡಿಸಿದಳು. "ಬಣ್ಣ ಉಬ್ಬಿದಂಗ ಕಾಣ್ತದ, ಕೈಗೆ ಹತ್ತವಲ್ದು," ಎಂದಳು. "ನಕಲು ಅಲ್ಲೇನ್ರಿ ಅಕ್ಕೋರ, ಅಚ್ಚು ಮಾಡಿದ್ದು," ಎಂದರು ಸಾಹೇಬರು. ಅವಳು ಅದನ್ನು ಭಾಳ ಹೊತ್ತು ನೋಡಿದಳು. ಕಡೆಗೆ, "ಇದು ಮುಳುಗೋ ಹೊತ್ತಿಂದು," ಎಂದು ಸರಿಸಿ, ಹಳದಿ ಬೆಳಕಿನ ಇನ್ನೊಂದನ್ನು ಆರಿಸಿದಳು. ಅದರಲ್ಲಿ ಸೂರ್ಯ ಆಗಷ್ಟೇ ಎದ್ದಿದ್ದ. ದೋಣಿಗಳು ಮೂತಿ ನಮ್ಮ ಕಡೆಗೇ ಮಾಡಿ ದಂಡೆಗೆ ಬರುತ್ತಿದ್ದವು. ಭಾವ ಹೇಳಿದ್ದೆಲ್ಲ ಅದರಲ್ಲಿತ್ತು.

ಅಕ್ಕನ ಮನೆ ಕಲ್ಲಿನ ಮನೆ. ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಡೊಂಕಾಗುತ್ತದೆ. ಆದರೆ ಮೂಡಣ ಗೋಡೆಯಲ್ಲಿ ಕಟ್ಟುವಾಗಲೇ ಕೂರಿಸಿದ ಎರಡು ಗೂಟಗಳಿದ್ದವು. ಚಿತ್ರವನ್ನು ಅವಕ್ಕೆ ತೂಗುಹಾಕಿ, ಮಲಗಿದವರಿಗೆ ಕಾಣಲೆಂದು ಮೇಲಂಚನ್ನು ತುಸು ಮುಂದಕ್ಕೆ ಬಾಗಿಸಿದೆವು. ಸೊಸೆ ತಿರುಗಿ ನೋಡಿ, "ಚೆಂದ ಉಂಟು ಅತ್ತೆ, ಎಷ್ಟು ದೂರ ಹೋಗಿ ತಂದಿದ್ದೀರಿ," ಎಂದಳು. ಮುಖದಲ್ಲಿ ನಗುವಿತ್ತು. ನಾನು ಸಮಾಧಾನದಿಂದ ಸೇಡಂಗೆ ಹೋದೆ.

ಮುಂದಿನ ವಾರ ಬಂದಾಗ ಅಕ್ಕ ಬಾಗಿಲಲ್ಲೇ ನನ್ನನ್ನು ತಡೆದಳು. "ಉಣ್ಣೋದೇನೂ ಸುಧಾರಿಸಿಲ್ಲ. ಚಿತ್ರ ಪಸಂದ್ ಬಿದ್ದಿಲ್ಲೇನೋ. ಬಾಯಿ ಬಿಟ್ಟು ಹೇಳೋಳಲ್ಲ ಅದು."

ಆಗ ಸೊಸೆ ಸ್ನಾನಕ್ಕೆ ಹೋಗಿದ್ದಳು. ಅಕ್ಕ ಕೋಣೆಗೆ ಹೋಗಿ ಹೊದಿಕೆ ಮಡಿಸಿದಳು, ಚಿತ್ರವನ್ನೊಮ್ಮೆ ನೋಡಿದಳು, ಹಾಸಿಗೆಯನ್ನೊಮ್ಮೆ ನೋಡಿದಳು. ಆಮೇಲೆ ಏನನ್ನಿಸಿತೋ, ತಾನೇ ಮಂಚ ಹತ್ತಿ ಸೊಸೆಯ ದಿಂಬಿಗೆ ತಲೆಯಿಟ್ಟು ಎಡಮಗ್ಗುಲಾಗಿ ಮಲಗಿಬಿಟ್ಟಳು. ಭಾವ ಗಾಬರಿಯಾಗಿ, "ಏನಾತು?" ಎಂದರು.

"ಸುಮ್ಮನಿರ್ರಿ, ನೋಡ್ಲಿಕತ್ತೀನಿ."

ಅವಳ ಮುಖ ಪಡುವಣ ಗೋಡೆಗಿತ್ತು. ಅಲ್ಲಿ ಸುಣ್ಣ ಉದುರಿದ ಜಾಗ, ಕಳೆದ ಮಳೆಗಾಲದ ನೀರಿನ ಕಲೆ, ಮತ್ತೇನೂ ಇಲ್ಲ. ಸಮುದ್ರ ಅವಳ ಬೆನ್ನ ಹಿಂದೆ ಉಳಿದಿತ್ತು.

"ಡಾಕ್ಟರಮ್ಮ ಎಡಮಗ್ಗಲಾ ಅಂದಾರ. ನಾವು ಬಲಕ್ಕ ಹಾಕೀವಿ," ಎಂದಳು, ಮಲಗಿದಲ್ಲಿಂದಲೇ. "ದಿನಕ್ಕ ಹದಿನೈದು ಸಲ ಈ ಕೋಣ್ಯಾಗ ಬರ್ತೀನಿ ಹೋಗ್ತೀನಿ. ಈಕಿ ಏನು ನೋಡ್ಲಿಕತ್ತಾಳ ಅಂತ ಒಮ್ಮಿನೂ ನೋಡ್ಲಿಲ್ಲ."

"ಮಂಚ ತಿರುಗಿಸೋಣು," ಎಂದೆ.

"ತಲಿ ಬಡಗಲಕ್ಕಾಗ್ತದ," ಎಂದರು ಭಾವ. "ಅದು ಸಾಧ್ಯ ಇಲ್ಲ." ಅದನ್ನು ಅಕ್ಕನೂ ಒಪ್ಪಿದಳು.

ಸೊಸೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ತನ್ನ ಹಾಸಿಗೆಯಲ್ಲಿ ಅತ್ತೆ ಮಲಗಿದ್ದನ್ನು ಕಂಡು ನಿಂತಳು.

"ಬಾರವ್ವ, ಕುಂದ್ರು. ನಿಮ್ಮೂರಾಗ ಸಮುದ್ರ ಮನಿಗೆ ಯಾವ ದಿಕ್ಕಿಗದ?"

"ಪಶ್ಚಿಮಕ್ಕೆ, ಅತ್ತೆ."

"ಅಂದ್ರ ಅಲ್ಲಿ ಸೂರ್ಯ ಹುಟ್ಟಂಗಿಲ್ಲ."

"ಹುಟ್ಟೋದು ಗುಡ್ಡದ ಬದಿಗೆ. ಸಮುದ್ರದಲ್ಲಿ ಮುಳುಗ್ತಾನೆ. ಅವನು ನೀರು ಮುಟ್ಟಿದ್ದು ಕಂಡ ಮೇಲೇ ನಮ್ಮಮ್ಮ ದೀಪ ಹಚ್ಚೋದು." ಮೂಡಣ ಗೋಡೆಯ ಕಡೆ ತಿರುಗಿ ಹೇಳಿದಳು: "ಈ ಚಿತ್ರವೂ ಚೆಂದವೇ ಅತ್ತೆ. ನಮ್ಮಲ್ಲಿಯ ಹಾಗೆ ಇಲ್ಲ ಅಷ್ಟೇ. ನೀವು ಪ್ರೀತಿಯಿಂದ ತಂದದ್ದು, ಹೇಗೆ ಹೇಳೋದು ಅಂತ."

ಅಕ್ಕ ಗಂಡನ ಕಡೆ ತಿರುಗಿದಳು. ಭಾವ ಆಗಲೇ ಕೈ ಅಡ್ಡ ಆಡಿಸತೊಡಗಿದ್ದರು. "ಮುಳುಗೋ ಸೂರ್ಯನ್ನ ಮನ್ಯಾಗ ಯಾರೂ ಹಾಕಂಗಿಲ್ಲ. ಅದೂ ಪಡುವಲಕ್ಕ."

"ನೀವು ಸಂಜಿಕಿ ಯಾವ ದಿಕ್ಕಿಗೆ ಕುಂತು ಸಂಧ್ಯಾವಂದನಿ ಮಾಡ್ತೀರಿ?"

"ಪಡುವಲಕ್ಕ."

"ಯಾರಿಗೆ ಅರ್ಘ್ಯ ಬಿಡ್ತೀರಿ?"

"ಸೂರ್ಯಗ."

"ದಿನಾ ಕೈ ಮುಗಿಯೋ ದೇವರು ಗ್ವಾಡಿ ಮ್ಯಾಲ ಬಂದ್ರ ಕೆಟ್ಟಾಗ್ತಾನೇನು?"

ಭಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಶಹಾಬಾದಿಗೆ ಗಾಡಿ ಎಷ್ಟಕ್ಕದ ನೋಡಪಾ," ಎಂದರು ನನಗೆ. ಅವರ ಬಾಯಿಂದ ಒಪ್ಪಿಗೆ ಎಂಬುದು ಇದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಬಂದದ್ದನ್ನು ನಾನಂತೂ ಕೇಳಿಲ್ಲ.

ಕೆಂಪು ಚಿತ್ರ ಅಂಗಡಿಯಲ್ಲೇ ಇತ್ತು. ಚೌಕಟ್ಟು ಹಾಕಿದ ಹಳದಿ ಚಿತ್ರವನ್ನು ಸಾಹೇಬರು ವಾಪಸು ತೆಗೆದುಕೊಳ್ಳಲಿಲ್ಲ; ಅದು ಅಂಗಡಿಯ ಪದ್ಧತಿ. ಪಡುವಣ ಗೋಡೆಗೆ ಗೂಟವಿರಲಿಲ್ಲವಾದ್ದರಿಂದ ಜಂತಿಗೆ ಹಗ್ಗ ಕಟ್ಟಿ ಕೆಂಪು ಚಿತ್ರವನ್ನು ಇಳಿಬಿಟ್ಟೆವು. ಹಗ್ಗ ಎಳೆದು ಎತ್ತರ ಸರಿಮಾಡಿದವರು ಭಾವನೇ. ಅಕ್ಕ ಮತ್ತೊಮ್ಮೆ ಹಾಸಿಗೆಯಲ್ಲಿ ಮಲಗಿ, "ಇನ್ನೊಂದೀಟು ಕೆಳಗ... ಸಾಕು, ಬರೋಬ್ಬರಿ ಅದ," ಎಂದು ಹೇಳಿದ ಮೇಲೆಯೇ ಗಂಟು ಬಿಗಿದದ್ದು.

ಸೊಸೆ ಮಲಗಿದಳು. ಆಮೇಲೆ ಚಿತ್ರದಲ್ಲಿನ ಬುಟ್ಟಿಯ ಹೆಂಗಸರನ್ನು ತೋರಿಸಿ, "ಇವರು ಇಷ್ಟು ನಿಧಾನ ನಡೆದರೆ ಮನೆ ಮುಟ್ಟೋದರೊಳಗೆ ಕತ್ತಲಾಗ್ತದೆ," ಎಂದಳು. ಅಕ್ಕ ದೇವರ ಮುಂದೆ ದೀಪ ಹಚ್ಚಲು ಎದ್ದಳು. ಆ ಸಂಜೆ ಹುಡುಗಿ ಎರಡು ರೊಟ್ಟಿ ತಿಂದಳು. ಮೆಂತ್ಯದ ಪಲ್ಯ ಮತ್ತೆ ಕೇಳಿ ಹಾಕಿಸಿಕೊಂಡಳು. ಮುಂದಿನ ದಿನಗಳಲ್ಲಿ ದೀಪದ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಆ ಚಿತ್ರದ ಎದುರು ಮಾತಿಗೆ ಕೂರುವುದು ರೂಢಿಯಾಯಿತು. ತವರಿನ ದಂಡೆಯ ಸುದ್ದಿ ಅವಳು ಹೇಳುವಳು, ಸ್ಟುಡಿಯೋದ ದಂಡೆಯ ಸುದ್ದಿ ಇವಳು ಹೇಳುವಳು.

ಹೆರಿಗೆ ಕಲಬುರಗಿಯಲ್ಲಿ ಸುಸೂತ್ರವಾಯಿತು. ಹೆಣ್ಣುಕೂಸು. ಕೂಸು ಕುತ್ತಿಗೆ ನಿಲ್ಲಿಸಿದ ಮೇಲೆ ಎಲ್ಲರೂ ಹೊನ್ನಾವರದ ಕಡೆ ಹೊರಟೆವು. ಹಳದಿ ಚಿತ್ರವನ್ನು ಅಕ್ಕ ಹಳೆ ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದಳು. ಬೀಗರು ಅದನ್ನು ಜಗಲಿಯ ಮೂಡಣ ಗೋಡೆಗೆ ಹಾಕಿದರು. "ಸಮುದ್ರದಲ್ಲಿ ಸೂರ್ಯ ಹುಟ್ಟೋದನ್ನ ನಾವು ಕಂಡೇ ಇರಲಿಲ್ಲ," ಎಂದು ಸೊಸೆಯ ತಾಯಿ ಅದರ ಮುಂದೆ ನಿಂತರು.

ಸಂಜೆ ದಂಡೆಗೆ ಹೋದೆವು. ಅಕ್ಕ ಮೊಮ್ಮಗಳನ್ನು ಎತ್ತಿಕೊಂಡು ಮರಳಿನ ಮೇಲೆ ನಿಂತಳು. ಭಾವ ಧೋತರ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು, ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಟ್ಟರು. ಆಮೇಲೆ ಎಲ್ಲರೂ ಮನೆಗೆ ಬಂದೆವು. ಸೊಸೆ ದೀಪ ಹಚ್ಚಿದಳು.