ಅಣ್ಣ ಎನ್ನಬಾರದ ಕಚೇರಿ

ನಮ್ಮ ಕಂಪನಿ ಇದ್ದದ್ದು ಮಾಂಗ್‌ವೊನ್ ಮಾರುಕಟ್ಟೆಯ ಹಿಂದೆ, ಹಳೆಯ ಸಾರ್ವಜನಿಕ ಸ್ನಾನಗೃಹವೊಂದರ ಮಹಡಿಯ ಮೇಲೆ. ಕೆಳಗೆ ದಿನವಿಡೀ ನೀರು ಕಾಯುತ್ತಿದ್ದುದರಿಂದ ಬೇಸಗೆಯಲ್ಲೂ ನಮ್ಮ ನೆಲ ಬೆಚ್ಚಗಿರುತ್ತಿತ್ತು. ಇದ್ದವರು ಮೂವರು. ಕಂಪನಿ ಕಟ್ಟಿದ ಇನ್‌ಗ್ಯು, ಅವನು ಕರೆದನೆಂದು ಕಾಯಂ ಕೆಲಸ ಬಿಟ್ಟು ಬಂದ ಮುನ್‌ಹೊ, ಮತ್ತು ಆ್ಯಪ್ ಬರೆಯಲು ಸೇರಿಕೊಂಡ ನಾನು.

ಅವರಿಬ್ಬರೂ ಗುನ್‌ಸಾನ್ ಬಂದರಿನ ಒಂದೇ ಓಣಿಯವರು. ಮುನ್‌ಹೊ ನಾಲ್ಕೈದು ವರ್ಷ ದೊಡ್ಡವನು. ಇನ್‌ಗ್ಯುವಿಗೆ ಸೈಕಲ್ ಕಲಿಸಿದವನು, ಶಾಲೆಯಲ್ಲಿ ಅವನನ್ನು ಹೊಡೆದವರನ್ನು ಹುಡುಕಿ ಹೊಡೆದು ಬಂದವನು. ಇನ್‌ಗ್ಯು ಅವನನ್ನು ಅಣ್ಣ ಎನ್ನುತ್ತಿದ್ದ. ಆ ಪದ ಅವನ ಬಾಯಲ್ಲಿ ಮಾತಿನ ಆರಂಭವೂ ಆಗಿತ್ತು, ಉಸಿರು ತೆಗೆದುಕೊಳ್ಳುವ ಜಾಗವೂ ಆಗಿತ್ತು.

ಹಣ ಹೂಡುವವರೊಬ್ಬರ ಭಾಷಣ ಕೇಳಿ ಬಂದ ದಿನ ಇನ್‌ಗ್ಯು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಇವತ್ತಿಂದ ಇಲ್ಲಿ ಅಣ್ಣ, ತಮ್ಮ ಯಾರೂ ಇಲ್ಲ. ಎಲ್ರಿಗೂ ಒಂದೊಂದು ಇಂಗ್ಲಿಷ್ ಹೆಸರು. ಎಲ್ರೂ ಎಲ್ರಿಗೂ 'ನೀವು' ಅನ್ಬೇಕು. ಆಗ್ಲೇ ಚಿಕ್ಕೋರು ಬಾಯಿ ಬಿಟ್ಟು ಮಾತಾಡೋದು."

"ನಾನು ನಿಂಗೆ ನೀವು ಅನ್ಬೇಕಾ?" ಎಂದ ಮುನ್‌ಹೊ. "ನಿನ್ ಮೂಗು ಒರ್ಸಿದೋನು ಕಣೋ ನಾನು."

"ಅದಕ್ಕೇ ಅಣ್ಣಾ. ನೀನೇ ಅಂದ್ರೆ ಮಿಕ್ಕೋರೂ ಕಲೀತಾರೆ."

"ಮಿಕ್ಕೋರು ಅಂದ್ರೆ ಇವನೊಬ್ನೇ ತಾನೆ? ನೋಡು, ಈಗ್ಲೇ ಅಣ್ಣ ಅಂದೆ. ದಂಡ ಕಟ್ಟು!"

"ದಂಡ ನಾಳೆಯಿಂದ."

ನಾವು ನಕ್ಕೆವು. ಇನ್‌ಗ್ಯು ನೋವಾ ಆದ. ಮುನ್‌ಹೊ ಬಹಳ ಯೋಚಿಸಿ ಸ್ಯಾಮ್ ಎಂಬ ಹೆಸರು ಆರಿಸಿಕೊಂಡ. ನಮ್ಮ ಕೊರಿಯನ್ ಭಾಷೆಯಲ್ಲಿ 'ಮೇಷ್ಟ್ರೇ' ಎಂದು ಸಲಿಗೆಯಿಂದ ಕರೆಯುವ ಪದವೂ ಹಾಗೆಯೇ ಕೇಳಿಸುತ್ತದೆ. "ಇರ್ಲಿ, ಗೊತ್ತಿಲ್ದೇನಾದ್ರೂ ಮರ್ಯಾದೆ ಕೊಡ್ತೀರಲ್ಲ" ಎಂದ.

ನಿಯಮದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಿಂದಿನ ಕೆಲಸದಲ್ಲಿ ಹಿರಿಯರ ಕೂಗಾಟಕ್ಕೆ ತಲೆ ತಗ್ಗಿಸಿ ನಿಂತು ನಿಂತು ಇನ್‌ಗ್ಯುವಿನ ಕತ್ತು ನೋಯುತ್ತಿತ್ತು. ತನ್ನ ಕಂಪನಿಯಲ್ಲಿ ಹಾಗಾಗಬಾರದೆಂದು ಅವನು ಬಯಸಿದ, ಅಷ್ಟೇ.

ನಾವು ಮಾಡುತ್ತಿದ್ದದ್ದು ಸ್ನಾನಗೃಹಗಳಿಗೆ ಒಂದು ಆ್ಯಪ್. ಮೈ ಉಜ್ಜುವವರ ಬಳಿ ಸರದಿಗೆ ಕಾಯದೆ ಮನೆಯಿಂದಲೇ ಹೊತ್ತು ಗೊತ್ತುಮಾಡಿಕೊಳ್ಳಬಹುದು. ಅದನ್ನು ಹೊತ್ತು ಬೀದಿ ಬೀದಿ ತಿರುಗುವ ಕೆಲಸ ಮುನ್‌ಹೊನದು. ಎಲ್ಲೆಡೆ ಅವನಿಗೆ ತಣ್ಣನೆಯ ಬಾರ್ಲಿ ನೀರು ಕೊಟ್ಟು ಕೂರಿಸುತ್ತಿದ್ದರು, 'ನೋಡೋಣಪ್ಪ' ಎನ್ನುತ್ತಿದ್ದರು. ಮುಂದಿನ ಸಲ ಹೋದರೆ ಬಾಗಿಲಿಗೆ ಬೀಗ. ಸ್ನಾನಗೃಹಗಳೇ ಒಂದೊಂದಾಗಿ ಮುಚ್ಚುತ್ತಿದ್ದವು. ಉಳಿದ ಕಡೆ ಸರದಿಯೇ ಇರಲಿಲ್ಲ. ಮೈ ಉಜ್ಜುವವರು ಬರಿಯ ಮಂಚದ ಮೇಲೆ ತಾವೇ ಮಲಗಿ ನಿದ್ದೆ ಮಾಡುತ್ತಿದ್ದರು.

ಕಂಪನಿಯ ಎರಡನೆಯ ವಸಂತದಲ್ಲಿ ಇನ್‌ಗ್ಯು ದೂರದ ಬೂಸಾನ್ ನಗರದಲ್ಲೂ ಶುರುಮಾಡೋಣ ಎಂದ. ಮುನ್‌ಹೊ ಗಂಟಲು ಸರಿಮಾಡಿಕೊಂಡ.

"ನೋವಾ ಅವರೇ, ನನ್ನದೊಂದು ಅಭಿಪ್ರಾಯ. ಸ್ವಲ್ಪ ನಿಲ್ಲಿಸಿ ಯೋಚ್ನೆ ಮಾಡಿದ್ರೆ ಒಳ್ಳೇದೇನೋ ಅನ್ಸುತ್ತೆ."

"ಒಳ್ಳೇ ಅಭಿಪ್ರಾಯ, ಸ್ಯಾಮ್ ಅವರೇ. ಬೂಸಾನ್ ಆದ್ಮೇಲೆ ಖಂಡಿತ ಯೋಚ್ನೆ ಮಾಡೋಣ."

ಮುನ್‌ಹೊನ ಬಲಗೈ ಮೇಜಿನಿಂದ ಮೇಲೆದ್ದಿತು. ಹಿಂದೆಲ್ಲ ಆ ಕೈ ನೇರವಾಗಿ ಇನ್‌ಗ್ಯುವಿನ ತಲೆಯ ಹಿಂಬದಿಗೆ ಬೀಳುತ್ತಿತ್ತು. 'ಲೇ ಹುಚ್ಚಪ್ಪ, ಮುಳುಗೋ ದೋಣಿಗೆ ಬಣ್ಣ ಬಳೀತೀಯಾ' ಎಂದು ಒಂದು ಬೈಗುಳ, ಆಮೇಲೆ ಒಂದು ಬಾಟಲಿ ಸೋಜು. ಬೆಳಗಾಗುವಷ್ಟರಲ್ಲಿ ಇನ್‌ಗ್ಯು ಸರಿದಾರಿಗೆ ಬಂದಿರುತ್ತಿದ್ದ. ಈಗ ಆ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ತನ್ನದೇ ಕಿವಿ ಕೆರೆದುಕೊಂಡು ಕೆಳಗಿಳಿಯಿತು. ಅಣ್ಣ ಬೈಯಬಹುದು. ಸ್ಯಾಮ್ ಅವರು ಅಭಿಪ್ರಾಯ ಹೇಳಬಹುದು, ಅಷ್ಟೇ.

ಕೆಳಗೆ ಟಿಕೆಟು ಕೊಡುವ ಓಕ್‌ಬುನ್ ಅಮ್ಮನಿಗೆ ಇದು ಮೊದಲೇ ತಿಳಿದಿತ್ತು.

"ಏನ್ರಪ್ಪಾ, ಜಗಳ ಆಡಿದೀರಾ?"

"ಇಲ್ವಲ್ಲಮ್ಮ" ಎಂದ ಇನ್‌ಗ್ಯು.

"ಮತ್ತೇನು ಬನ್ನಿ, ಹೋಗಿ, ಕೂತ್ಕೊಳಿ? ನಮ್ಮನೆಯೋರು ನನ್ಗೆ ಬಹುವಚನ ಹಚ್ಚಿದ್ದು ಒಂದೇ ಸಲ. ಆ ಸಲ ಮೂರು ತಿಂಗಳು ತೌರಲ್ಲಿದ್ದೆ."

ಇನ್‌ಗ್ಯು ಜೋರಾಗಿ ನಕ್ಕ. ಮುನ್‌ಹೊ ಟವಲು ಮಡಿಸುತ್ತಿದ್ದ.

ಬೂಸಾನಿನಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ. ಶರತ್ಕಾಲದಲ್ಲಿ ಮುನ್‌ಹೊ ಊರಿಗೆ ಹಿಂದಿರುಗುವುದಾಗಿ ಹೇಳಿದ. ಅದನ್ನೂ ಬಹಳ ವಿನಯದಿಂದ, ಸಭೆಯ ಕೊನೆಯಲ್ಲಿ, ಬೇರೆ ವಿಷಯಗಳಾದ ಮೇಲೆ. ಅವನಿಲ್ಲದೆ ಕಂಪನಿ ನಡೆಯದು ಎಂಬುದು ಇನ್‌ಗ್ಯುವಿಗೆ ಗೊತ್ತಿತ್ತು. ಆದರೆ ಆ ವಾರ ಅವನ ಮುಖ ನೋಡಿದರೆ ಕಂಪನಿಯ ಚಿಂತೆ ಅಲ್ಲಿ ಕಾಣುತ್ತಿರಲಿಲ್ಲ. ಓಣಿಯ ತಿರುವಿನಲ್ಲಿ ಕೈ ಬಿಟ್ಟುಹೋದ ಮಗುವಿನ ಮುಖ ಅದು.

ಭಾನುವಾರ ಮೂವರೂ ಕೆಳಗೆ ಸ್ನಾನಕ್ಕೆ ಹೋದೆವು. ಬಿಸಿನೀರಿನ ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಇನ್‌ಗ್ಯು ಕುತ್ತಿಗೆವರೆಗೆ ಮುಳುಗಿ ಕೂತಿದ್ದವನು ತಟ್ಟನೆ ಹೇಳಿದ:

"ಅಣ್ಣಾ, ಹೋಗ್ಬೇಡ."

ಮುನ್‌ಹೊನ ತುಟಿ ಎರಡು ಸಲ ಅಲುಗಿತು.

"ನೀರು ತುಂಬಾ ಬಿಸಿ ಇದೆ. ಜಾಸ್ತಿ ಹೊತ್ತು ಕೂರ್ಬೇಡಿ."

"ಬೈಯಣ್ಣ ನನ್ನ. ಎರಡೇಟು ಹಾಕು. ತಪ್ಪೆಲ್ಲ ನಂದೇ."

"ಬೈಯೋ ಅಂಥದ್ದು ಏನೂ ಆಗಿಲ್ಲ. ನೀವು ಚೆನ್ನಾಗೇ ನಡೆಸ್ಕೊಂಡು ಬಂದ್ರಿ."

ಅದು ಸೇಡಾಗಿದ್ದರೆ ಇನ್‌ಗ್ಯು ತಡೆದುಕೊಳ್ಳುತ್ತಿದ್ದ. ಸೇಡಿಗೆ ಒಂದು ಬಿಸಿಯಿರುತ್ತದೆ. ಬಟ್ಟೆ ತೊಡುವಾಗ ಮುನ್‌ಹೊ ನನ್ನ ಪಕ್ಕ ನಿಂತು, ಗೋಡೆಗೆ ಹೇಳುವಂತೆ ಹೇಳಿದ: "'ನೀನು' ಅನ್ನೋಕೆ ಪ್ರಯತ್ನ ಮಾಡ್ದೆ ರೀ. ನಾಲಿಗೆ ಹೊರಳ್ಲಿಲ್ಲ."

ಚಳಿಗಾಲ ಮುಗಿಯುವ ಮೊದಲೇ ಕಂಪನಿ ಮುಚ್ಚಿತು. ಇನ್‌ಗ್ಯು ದೊಡ್ಡ ಕಂಪನಿಯೊಂದಕ್ಕೆ ಸೇರಿಕೊಂಡ. ಹೊಸದಾಗಿ ಉದ್ಯಮ ಕಟ್ಟುವ ಹುಡುಗರು ಒಮ್ಮೆ ಅವನನ್ನು ಮಾತಿಗೆ ಕರೆದಿದ್ದರು, ನಾನೂ ಹೋಗಿದ್ದೆ. ಸೋಲಿನಿಂದ ಏನು ಕಲಿತಿರಿ ಎಂದು ಕೇಳಿದಾಗ, ಗಿರಾಕಿಯ ಮಾತನ್ನು ಮೊದಲು ಕೇಳಿ, ಸಂತೆ ನೋಡಿ ಸರಕು ಮಾಡಿ ಎಂದೆಲ್ಲ ಹೇಳಿದ. ಹುಡುಗರು ಬರೆದುಕೊಂಡರು. ಜೊತೆಗಾರರ ಬಗ್ಗೆ ಒಬ್ಬಳು ಕೇಳಿದಳು. ಅವನು ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಮುಂದಿನ ಪ್ರಶ್ನೆ" ಎಂದ.

ಕಳೆದ ವರ್ಷ ಮುನ್‌ಹೊನ ತಂದೆ ತೀರಿಕೊಂಡರು. ನಾವಿಬ್ಬರೂ ಬಸ್ಸು ಹಿಡಿದು ಗುನ್‌ಸಾನಿಗೆ ಹೋದೆವು. ತೋಳಿಗೆ ಸೂತಕದ ಪಟ್ಟಿ ಕಟ್ಟಿ ನಿಂತಿದ್ದ ಮುನ್‌ಹೊ ನಮಗೆ ಪ್ರತಿಯಾಗಿ ನೆಲಮುಟ್ಟಿ ನಮಸ್ಕರಿಸಿದ.

"ಅಷ್ಟು ದೂರದಿಂದ ಬಂದಿದೀರಿ. ಊಟ ಮಾಡ್ಕೊಂಡೇ ಹೋಗ್ಬೇಕು."

ನಮ್ಮನ್ನು ಅತಿಥಿಗಳ ಸಾಲಿನಲ್ಲಿ ಕೂರಿಸಿ ಖಾರದ ಮಾಂಸದ ಸಾರು, ಅನ್ನ ಬಡಿಸಿದರು. ಮರುದಿನ ಬೆಳಿಗ್ಗೆ ಶವಪೆಟ್ಟಿಗೆಗೆ ಹೆಗಲು ಕೊಡಲು ಓಣಿಯ ಹುಡುಗರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಿದ್ದರು. ಅದೇ ಓಣಿಯ ಇನ್‌ಗ್ಯುವಿನ ಹೆಸರು ಮಾತ್ರ ಬರಲಿಲ್ಲ. 'ಲೇ ಬಾರೋ, ಬೆಳಿಗ್ಗೆವರೆಗೂ ಇರ್ಬೇಕು, ಕುಡಿದು ಮಲಗ್ಬೇಡ' ಎಂದು ಮುನ್‌ಹೊನೇ ಒಬ್ಬನ ಬೆನ್ನಿಗೆ ಗುದ್ದಿದ. ಆ ಸದ್ದಿಗೆ ಇನ್‌ಗ್ಯು ತಲೆಯೆತ್ತಿದ. ಮುನ್‌ಹೊ ನಮ್ಮ ಸಾಲಿನ ಬಳಿ ಬಂದು, ಏನಾದರೂ ಬೇಕೇ ಎಂದು ವಿಚಾರಿಸಿ, ತಲೆಬಾಗಿಸಿ ಮುಂದೆ ಹೋದ.

ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ಇನ್‌ಗ್ಯು ಬಡಿಸುವವಳನ್ನು ಕರೆದು ಇನ್ನೊಂದು ಬಟ್ಟಲು ಅನ್ನ ಹಾಕಿಸಿಕೊಂಡ. ಅಲ್ಲಿ ಕೂತಿರಲು ಅವನಿಗೆ ಬೇರೆ ನೆಪವಿರಲಿಲ್ಲ.