ಕನಿಶಾಯ್ ಹಾಕಿದ ಕಡಿವಾಣ

ನರೀನ್ ಪಟ್ಟಣದ ವಂಶಾವಳಿ ಕಚೇರಿಯ ಕಂಪ್ಯೂಟರನ್ನು ಸಾಕಿ ಸಲಹಿದವಳು ಕನಿಶಾಯ್. ಹುಡುಗ ಹುಡುಗಿಗೆ ಏಳು ತಲೆಮಾರಿನೊಳಗೆ ರಕ್ತಸಂಬಂಧವಿಲ್ಲ ಎಂದು ಅದು ಹೇಳಿದ ಮೇಲೇ ಊರಿನಲ್ಲಿ ಮದುವೆ ಮಾತು ಮುಂದುವರಿಯುವುದು. ಆದರೆ ಯಾರಾದರೂ ಒಬ್ಬರು ಭಾರಿ ಪ್ರಶ್ನೆ ಕೇಳಿದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕಾಗುತ್ತಿತ್ತು. ಅದಕ್ಕೇ ಅವಳು ಕಡಿವಾಣ ಹಾಕಿದ್ದಳು. ಒಂದು ನಿಮಿಷದೊಳಗೆ ಮುಗಿಯದ ಪ್ರಶ್ನೆಯನ್ನು ಕಂಪ್ಯೂಟರು ತಾನೇ ನಿಲ್ಲಿಸಿ, ಕಚೇರಿ ಮುಚ್ಚಿದ ಮೇಲೆ ನಿಧಾನವಾಗಿ ಉತ್ತರ ಹುಡುಕಿಡಬೇಕು. ಎಪ್ಪತ್ತು ದಾಟಿದವರಿಗೆ ಮಾತ್ರ ಈ ನಿಯಮವಿಲ್ಲ. ಹಿರಿಯರ ಮಾತನ್ನು ನಡುವೆ ತುಂಡರಿಸುವುದುಂಟೇ? ಅಮ್ಮ ತನಗೆ ಕಲಿಸಿದ್ದನ್ನು ಅವಳು ಕಂಪ್ಯೂಟರಿಗೂ ಕಲಿಸಿದ್ದಳು. ಮಹಾ ಸಂಸ್ಕಾರವಂತ ಯಂತ್ರ!

ಆ ಶುಕ್ರವಾರ ಅವಳ ಮಗಳು ನಾಜಿಕ್‌ಳ ನಿಶ್ಚಿತಾರ್ಥ. ಮಧ್ಯಾಹ್ನ ಹುಡುಗನ ತಾಯಿ ಬಂದು ಕಿವಿಗೆ ಓಲೆ ಇಡಬೇಕು. ಹುಡುಗನ ಕಡೆಯವರು ಪೂರ್ವಿಕರ ಹೆಸರು ಕಳಿಸಿದ್ದೇ ಆ ಬೆಳಿಗ್ಗೆ. ಉತ್ತರ ಬಾರದೆ ಓಲೆ ಇಡುವಂತಿಲ್ಲ. ಹಾಳಾದ ಕಂಪ್ಯೂಟರು ನೋಡಿದರೆ ಗರ ಬಡಿದ ಹಾಗೆ ಕೂತಿತ್ತು.

"ಎಜೆ, ಓಲೆ ತಗೊಂಡು ಅವರು ಹೊರಟೇಬಿಟ್ರಂತೆ!" ಎಂದು ಕನಿಶಾಯ್‌ಳನ್ನು ಅಕ್ಕ ಎಂದೇ ಕರೆಯುವ, ಜೊತೆಗೆ ಕೆಲಸ ಮಾಡುವ ಗುಲಿಪಾ ಓಡಿಬಂದಳು. "ಇದನ್ನ ಹಿಡ್ಕೊಂಡು ಕೂತಿರೋ ಪುಣ್ಯಾತ್ಮ ಯಾರು ಅಂತ ಒಂಚೂರು ನೋಡಿ."

ಕನಿಶಾಯ್ ನೋಡಿದಳು. ಪುಣ್ಯಾತ್ಮರು ಮೂಲೆಯಲ್ಲೇ ಕೂತಿದ್ದರು. ಎಪ್ಪತ್ತು ಎಂದೋ ದಾಟಿದ, ಬಿಳಿ ಟೋಪಿಯ ಅಸನಾಲಿ ಆತಾ, ಹುಡುಗನ ತಾತ! ಹೆಣ್ಣಿನ ಮನೆಯಲ್ಲಿ ಹರಡಿ ತೋರಿಸೋಣವೆಂದು ಮೂಲಪುರುಷ ಬೋರ್‌ಬಾಯ್‌ನ ಸಂತತಿಯ ಪಟ್ಟಿಯನ್ನು, ಒಬ್ಬರನ್ನೂ ಬಿಡದೆ ಕೇಳಿದ್ದರು.

ಬೀಗರ ಪ್ರಶ್ನೆ ಕಡಿದರೆ ಸಂಬಂಧವೇ ಮುರಿದುಬಿದ್ದೀತು. ಕಡಿಯದಿದ್ದರೆ ಓಲೆಯೇ ಇಲ್ಲ. ಮಗಳ ಮುಖ ನೆನೆದು, ಪ್ರಶ್ನೆ ನಿಲ್ಲಿಸುವ ಗುಂಡಿ ಒತ್ತಿಬಿಟ್ಟಳು.

"ಯಾರದು, ನನ್ನ ಪೂರ್ವಿಕರ ಬಾಯಿ ಮುಚ್ಚಿಸಿದ್ದು?" ಆತಾ ಗುಡುಗಿದರು.

"ನಾನೇ ಆತಾ. ನಿಮಗೆ ಬೀಗಿತ್ತಿ ಆಗೋಳು."

"ಆಗೋಳಾ? ಆದಂಗೇ ಇದೆ!"

"ಊಟಕ್ಕೆ ಕೂತಾಗ ಕುರಿ ತಲೆ ಯಾರಿಗೆ ಕೊಡ್ತಾರೆ ಆತಾ?"

"ನಂಗೆ. ಮತ್ತಿನ್ಯಾರಿಗೆ?"

"ಅದರ ಕಿವಿ?"

ಆತಾ ಗಡ್ಡ ಕೆರೆದುಕೊಂಡರು. "ಕಿವೀನ ಕೊಯ್ದು ಚಿಕ್ಕೋರಿಗೆ ಕೊಡ್ತೀನಮ್ಮ. ಅದು ಪದ್ಧತಿ."

"ಇಷ್ಟೊತ್ತು ಇಡೀ ಕುರೀನೇ ನಿಮ್ಮ ತಟ್ಟೇಲಿತ್ತು. ನಿಮ್ಮ ಮೊಮ್ಮಗನ ಮದುವೆ ಪ್ರಶ್ನೆ ಬೆಳಿಗ್ಗೆಯಿಂದ ಹಿಂದೆ ಕಾಯ್ತಾ ನಿಂತಿತ್ತು. ತಪ್ಪು ನಂದೇ. ತಲೆ ಕೊಡೋದು ಕಲಿಸಿದ್ದೆ, ಕಿವಿ ಕೊಯ್ಯೋದು ಕಲಿಸಿರ್ಲಿಲ್ಲ."

ಆತಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನನ್ನ ತಲೆಗಿಷ್ಟು ಬೆಂಕಿ ಹಾಕ! ಮೊಮ್ಮಗನ ಮದುವೆಗೆ ನಾನೇ ಅಡ್ಡಗಾಲು ಹಾಕ್ಕೊಂಡು ಕೂತಿದ್ನಾ? ಹಾಕು ತಾಯಿ, ನಂಗೂ ಹಾಕು ಕಡಿವಾಣ!"

ಹಾಕಿದಳು. ಅಷ್ಟರಲ್ಲಿ ಕಾದಿದ್ದ ಪ್ರಶ್ನೆಗೆ ಉತ್ತರವೂ ಬಂತು, ಏಳು ತಲೆಮಾರಿನಲ್ಲಿ ಎಲ್ಲೂ ಅಡ್ಡಿಯಿಲ್ಲ. ಗುಲಿಪಾಳನ್ನು ತಬ್ಬಿಕೊಂಡು ಕನಿಶಾಯ್ ಅತ್ತೇಬಿಟ್ಟಳು, ಸಂತೋಷಕ್ಕೆ.

ಮಧ್ಯಾಹ್ನ ನಾಜಿಕ್‌ಳ ಕಿವಿಯಲ್ಲಿ ಓಲೆ ತೂಗಿತು. ಊಟದಲ್ಲಿ ಆತಾ ಕುರಿಯ ಕಿವಿ ಕೊಯ್ದು ನೇರ ಬೀಗಿತ್ತಿಯ ತಟ್ಟೆಗೇ ಹಾಕಿದರು. ಕೊನೆಗೆ ಅಂಗೈ ಚಾಚಿ ಹರಸಲು ಕೂತರು. ಅವರು ಹರಸಲು ಹೊರಟರೆ ಚಹಾ ಆರಿಹೋಗುವುದು ಊರಿಗೇ ಗೊತ್ತು. ಬೋರ್‌ಬಾಯ್‌ನಿಂದ ಹಿಡಿದು ಒಬ್ಬೊಬ್ಬರ ಹೆಸರು ಹೇಳುತ್ತ ಅವನ ಮೂರನೆಯ ಮಗನವರೆಗೆ ಬಂದವರು, ಕನಿಶಾಯ್ ಕಡೆ ನೋಡಿ ಗಕ್ಕನೆ ನಿಂತರು.

"ಸಾಕು, ನನ್ನ ನಿಮಿಷ ಮುಗೀತು. ಮಕ್ಕಳು ಚೆನ್ನಾಗಿರ್ಲಿ. ಉಳಿದ ಪೂರ್ವಿಕರು ಕಚೇರಿ ಮುಚ್ಚಿದ ಮೇಲೆ ಬರ್ತಾರೆ!"